ಉಂಡೆ ಹುಡುಕಬೇಡಿ, ಮಣ್ಣು ನೋಡಿ

ಪ್ರಶ್ನೆ: ನಮ್ಮ ಮನೆ ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ. ಸೆಗಣಿ ಹುಳ ಉಂಡೆ ಉರುಳಿಸುವ ಫೋಟೊ ತೆಗೆಯಬೇಕೆಂದು ಹೋದ ಮಳೆಗಾಲದಿಂದ ತಿರುಗುತ್ತಿದ್ದೇನೆ. ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ ಕೆದಕಿದಾಗ ದಪ್ಪ ಬಿಳಿ ಹುಳುಗಳೂ ಕೊಂಬಿರುವ ಒಂದು ದೊಡ್ಡ ಕಪ್ಪು ಹುಳವೂ ಸಿಕ್ಕಿದವು. ಉಂಡೆ ಮಾತ್ರ ಎಲ್ಲೂ ಇಲ್ಲ. ಆ ಹುಳದ ಫೋಟೊ ತೆಗೆದರೆ ಕಪ್ಪು ಮುದ್ದೆಯ ಮೇಲೊಂದು ಬಿಳಿ ಚುಕ್ಕೆ, ಅಷ್ಟೇ. ಚಿತ್ರ ಜೊತೆಗಿದೆ. ನನ್ನಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್, 18–55 ಮತ್ತು 55–250 ಲೆನ್ಸ್. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಳ್ಳಲೇಬೇಕೇ? ಎಲ್ಲಿ, ಯಾವಾಗ ಹುಡುಕಲಿ?

ಉತ್ತರ: ನೀವು ಕಳಿಸಿದ ಚಿತ್ರದಲ್ಲಿರುವುದು ಸೆಗಣಿ ಹುಳವೇ ಅಲ್ಲ ಮಾರಾಯ್ರೆ. ಅದು ಕುರುವಾಯಿ ಕೀಟ, ತೆಂಗಿನ ಸುಳಿ ಕೊರೆದು ಗರಿಯನ್ನು ಕತ್ತರಿ ಆಡಿಸಿದ ಬೀಸಣಿಗೆಯಂತೆ ಮಾಡುವ ಅದೇ ಆಸಾಮಿ. ಗುಂಡಿಯಲ್ಲಿ ಸಿಕ್ಕ ಬಿಳಿ ಹುಳುಗಳು ಅದರ ಮರಿಗಳು. ಕರಾವಳಿಯಲ್ಲಿ ಈ ತಪ್ಪು ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ಎರಡೂ ಕಪ್ಪು, ಎರಡರ ಗಂಡಿಗೂ ಕೊಂಬು, ಎರಡೂ ಹಟ್ಟಿಯ ನೆಂಟರು. ಗುರುತು ಹೇಳುತ್ತೇನೆ. ಬೆನ್ನಿನ ಎರಡು ಗಟ್ಟಿ ರೆಕ್ಕೆಗಳು ಸೇರುವ ಬುಡದಲ್ಲಿ ಸಣ್ಣ ತ್ರಿಕೋನವೊಂದು ಎದ್ದು ಕಂಡರೆ ಅದು ಕುರುವಾಯಿ. ನಮ್ಮ ಕೊಂಬಿನ ಸೆಗಣಿ ಹುಳಗಳಲ್ಲಿ ಆ ತ್ರಿಕೋನ ಹೊರಗೆ ಕಾಣುವುದಿಲ್ಲ. ಮಗುಚಿ ಹಾಕಿದರೆ ಕುರುವಾಯಿಯ ಅಡಿಭಾಗದಲ್ಲಿ ಕೆಂಗಂದು ರೋಮವಿರುತ್ತದೆ. ಸೆಗಣಿ ಹುಳದ ನಡುಗಾಲುಗಳ ಬುಡ ಒಂದಕ್ಕೊಂದು ಸಿಟ್ಟು ಮಾಡಿಕೊಂಡಂತೆ ದೂರ ದೂರ ಇರುತ್ತದೆ.

ಇನ್ನೊಂದು ವಿಷಯ. ಸೆಗಣಿ ಹುಳದ ಮರಿ ಹೀಗೆ ಗುಂಡಿಯಲ್ಲಿ ಬಿಡಿಬಿಡಿಯಾಗಿ ಸಿಗುವುದಿಲ್ಲ. ತಾಯಿ ಕಟ್ಟಿಟ್ಟ ಸೆಗಣಿಯ ಗಟ್ಟಿ ಉಂಡೆಯೊಳಗೇ ಅದು ಮೊಟ್ಟೆಯೊಡೆದು, ಅದನ್ನೇ ತಿಂದು, ಅಲ್ಲೇ ಕೋಶವಾಗಿ, ಪೂರ್ತಿ ಬೆಳೆದ ಮೇಲೆಯೇ ಹೊರಗೆ ಬರುವುದು. ಗೊಬ್ಬರದ ಗುಂಡಿಯನ್ನು ಬಿಟ್ಟುಬಿಡಿ. ಸೊಪ್ಪು, ಗಂಜಳ ಸೇರಿ ಕಳಿತ ಗೊಬ್ಬರ ಈ ಹುಳಗಳಿಗೆ ಹಳಸಿದ ಅನ್ನ. ಅವಕ್ಕೆ ಬೇಕಾದದ್ದು ಆಗಷ್ಟೇ ಬಿದ್ದ ತೊಪ್ಪೆ, ಅದೂ ಮಣ್ಣಿನ ಮೇಲೆ ಬಿದ್ದದ್ದು. ಸಿಮೆಂಟ್ ನೆಲದ ಹಟ್ಟಿಯಲ್ಲಿ ಬಿದ್ದು ಗೋಬರ್ ಗ್ಯಾಸ್ ತೊಟ್ಟಿಗೆ ಹೋಗುವ ಸೆಗಣಿಯಲ್ಲಿ ಇವುಗಳಿಗೆ ಪಾಲಿಲ್ಲ. ಈಗಲೂ ದನಗಳನ್ನು ಗುಡ್ಡೆಗೆ ಬಿಡುವ ಮನೆ ಯಾವುದಿದೆ ಎಂದು ವಿಚಾರಿಸಿ. ಮಲೆನಾಡು ಗಿಡ್ಡ ಇದ್ದರಂತೂ ಒಳ್ಳೆಯದು. ಗುಡ್ಡೆ ಮೇದ ಹಸುವಿನ ಸೆಗಣಿ ಗಟ್ಟಿ, ಅಚ್ಚು ನಿಲ್ಲುತ್ತದೆ. ಎಮ್ಮೆ ಕೋಣಗಳದ್ದು ನೀರು ನೀರು, ಫೋಟೊಗೆ ರಗಳೆ.

ಇನ್ನು ಉಂಡೆಯ ಮಾತು. ಟಿವಿ ನೋಡಿ ನೋಡಿ ಸೆಗಣಿ ಹುಳ ಎಂದರೆ ಉಂಡೆ ಉರುಳಿಸುವುದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಿಜದಲ್ಲಿ ಈ ಕುಲದಲ್ಲಿ ಉರುಳಿಸುವವು ಅಲ್ಪಸಂಖ್ಯಾತರು. ಹೆಚ್ಚಿನವು ತೊಪ್ಪೆಯ ಅಡಿಯಲ್ಲೇ ನೇರ ಕೆಳಗೆ ಸುರಂಗ ತೋಡಿ ಸೆಗಣಿಯನ್ನು ಇಳಿಸಿಕೊಳ್ಳುತ್ತವೆ. ಕೆಲವು ತೊಪ್ಪೆಯ ಹೊಟ್ಟೆಯಲ್ಲೇ ಸಂಸಾರ ಹೂಡುತ್ತವೆ. ನಮ್ಮ ಜಿಲ್ಲೆಗಳಲ್ಲಿ ನಿಮಗೆ ದಿನವೂ ಸಿಗುವುದು ತೋಡುವವು, ಅದರಲ್ಲೂ ಒಂಥೊಫೇಗಸ್ ಎಂಬ ಸಣ್ಣವು. ಕುಚ್ಚಲಕ್ಕಿ ಕಾಳಿನಿಂದ ಹಿಡಿದು ಕಡಲೆಕಾಳಿನವರೆಗೆ ಗಾತ್ರ. ಕಾಪ್ರಿಸ್, ಕ್ಯಾಥಾರ್ಸಿಯಸ್ ಎಂಬ ದೊಡ್ಡವೂ ಇವೆ, ಅವು ರಾತ್ರಿಯ ದುಡಿಮೆಯವು. ತೊಪ್ಪೆಯೊಳಗಿನ ಸಂಸಾರಸ್ಥರಲ್ಲಿ ಕಪ್ಪು ಮೈಗೆ ಹಳದಿ ಅಂಚಿನ ಒನಿಟಿಸೆಲ್ಲಸ್ ಸಿಂಕ್ಟಸ್ ಸುಲಭವಾಗಿ ಗುರುತು ಸಿಗುತ್ತದೆ, ಸೀರೆಗೆ ಜರಿ ಕೊಟ್ಟ ಹಾಗೆ.

ಹಾಗಾಗಿ ಉರುಳುವ ಉಂಡೆ ಹುಡುಕುತ್ತ ಹೋದರೆ ನೂರು ಹುಳಗಳ ಪಕ್ಕದಲ್ಲೇ ನಡೆದು ಬರಿಗೈಯಲ್ಲಿ ಮನೆಗೆ ಬರುತ್ತೀರಿ. ನೋಡಬೇಕಾದದ್ದು ಮಣ್ಣನ್ನು. ತೊಪ್ಪೆಯ ಅಂಚಿನಲ್ಲಿ ಒದ್ದೆ ಕಾಫಿಪುಡಿ ಸುರಿದಂತೆ ಹೊಸ ಮಣ್ಣಿನ ಸಣ್ಣ ಗುಪ್ಪೆಗಳಿವೆಯೇ? ಸೆಗಣಿಯ ಮೇಲ್ಮೈಯಲ್ಲಿ ಪೆನ್ಸಿಲ್ ಚುಚ್ಚಿದಂತೆ ತೂತುಗಳಿವೆಯೇ? ಎರಡು ದಿನದ ತೊಪ್ಪೆ ಒಳಗೆ ಗರಗಸದ ಹುಡಿಯಂತೆ ಉದುರುದುರಾಗಿದೆಯೇ? ಹೌದಾದರೆ ಅಡಿಯಲ್ಲಿ ಕೆಲಸ ನಡೆದಿದೆ. ತೊಪ್ಪೆಯ ಅಡಿಗೆ ಒಂದು ಅಡಿಕೆ ಹಾಳೆಯನ್ನು ಮೆಲ್ಲ ತೂರಿಸಿ, ದೋಸೆ ಮಗುಚಿದ ಹಾಗೆ ಎತ್ತಿ. ಕೆಳಗಿನ ನೆಲದಲ್ಲಿ ಗುಂಡನೆಯ ಬಾಯಿಗಳು ಕಾಣುತ್ತವೆ. ಒಂದರೊಳಗೆ ಹಿಡಿಸೂಡಿ ಕಡ್ಡಿ ಇಳಿಸಿ, ಕಡ್ಡಿ ಹೋದ ದಾರಿಯಲ್ಲಿ ಚಮಚದಿಂದ ಮಣ್ಣು ಬಿಡಿಸುತ್ತ ಹೋದರೆ ದಾರಿ ತಪ್ಪುವುದಿಲ್ಲ. ಎಷ್ಟು ಬಗೆಯ ಹುಳಗಳಿವೆ ಎಂದಷ್ಟೇ ನೋಡುವುದಿದ್ದರೆ ಇನ್ನೂ ಸುಲಭದ ಉಪಾಯವಿದೆ. ಅರ್ಧ ಬಾಲ್ದಿ ನೀರಿಗೆ ತೊಪ್ಪೆಯನ್ನು ಹಾಕಿ ಕದಡಿ. ಎರಡು ನಿಮಿಷದಲ್ಲಿ ಹುಳಗಳು ಒಂದೊಂದಾಗಿ ಮೇಲೆ ತೇಲಿ ಕೈಕಾಲು ಬಡಿಯುತ್ತವೆ. ಎತ್ತಿ ಒಣ ಎಲೆಯ ಮೇಲೆ ಬಿಡಿ. ಸ್ನಾನವಾದ ಹುಳ ಮಿರಮಿರ ಮಿಂಚುತ್ತದೆ, ಫೋಟೊಗೆ ಚಂದ. ಆದರೆ ಸೆಗಣಿ ಮೆತ್ತದ ಸೆಗಣಿ ಹುಳದ ಚಿತ್ರ ನನಗೇಕೋ ಮದುವೆ ಮನೆಯ ಫೋಟೊದಂತೆ ಕಾಣುತ್ತದೆ.

ಯಾವಾಗ ಎಂದರೆ, ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ನಾಲ್ಕು ಮಳೆ ಬಿದ್ದು ಮಣ್ಣು ಮೆತ್ತಗಾದಾಗ. ಬೇಸಗೆಯಲ್ಲಿ ಮುರಕಲ್ಲಿನ ನೆಲ ಹಾರೆಗೂ ಬಗ್ಗುವುದಿಲ್ಲ, ಇನ್ನು ಹುಳದ ಮುಂಗಾಲು ಏನು ಮಾಡೀತು? ಜೂನ್ ಮೊದಲ ಎರಡು ವಾರ ಹಬ್ಬ. ಜುಲೈ, ಆಗಸ್ಟ್‌ನ ಆಟಿ ತಿಂಗಳ ಜಡಿಮಳೆಯಲ್ಲಿ ತೊಪ್ಪೆಯೇ ಕೊಚ್ಚಿಹೋಗುತ್ತದೆ, ಆಗ ಕ್ಯಾಮೆರಾ ಒಳಗಿಡಿ. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಬಿಟ್ಟು ಬಿಟ್ಟು ಬರುವಾಗ ಎರಡನೆಯ ಸುಗ್ಗಿ.

ಕೊಣಾಜೆ ಕಡೆಯ ಒಂದು ಗುಡ್ಡೆಯಲ್ಲಿ ಕಳೆದ ಜೂನಿನ ಬೆಳಿಗ್ಗೆ ಕಂಡದ್ದನ್ನು ಹೇಳಿದರೆ ನಿಮಗೆ ಅಂದಾಜು ಸಿಗುತ್ತದೆ. ಹಸು ತೊಪ್ಪೆ ಹಾಕಿ ಮುಂದೆ ಹೋಯಿತು. ನಾನು ಒಂದು ಮಾರು ದೂರದಲ್ಲಿ ಹಾಳೆ ಹಾಸಿ ಮೊಣಕೈ ಊರಿ ಮಲಗಿದೆ. ಮೊದಲು ನೊಣಗಳು. ಹತ್ತು ನಿಮಿಷವಾಗುವ ಮೊದಲೇ ಮೊದಲ ಒಂಥೊಫೇಗಸ್ ಗುಂಯ್ ಎಂದು ಗಾಳಿಗೆ ಎದುರಾಗಿ ಹಾರಿ ಬಂದು, ಲೆಕ್ಕ ತಪ್ಪಿ ಪಕ್ಕದ ಹುಲ್ಲಿಗೆ ಢಿಕ್ಕಿ ಹೊಡೆದು ಮಗುಚಿ ಬಿತ್ತು. ಎದ್ದು ರೆಕ್ಕೆಯ ತುದಿಯನ್ನು ಎರಡು ಮೂರು ಸಲ ಒಳಗೆ ಎಳೆದುಕೊಂಡಿತು, ಅಂಗಿ ಇನ್‌ಸರ್ಟ್ ಮಾಡಿಕೊಳ್ಳುವವರ ಹಾಗೆ. ನಂತರ ಮೀಸೆ ಬಿಚ್ಚಿತು. ಸೆಗಣಿ ಹುಳದ ಮೀಸೆಯ ತುದಿಯಲ್ಲಿ ಮೂರು ಪುಟ್ಟ ಎಸಳುಗಳಿರುತ್ತವೆ. ವಾಸನೆ ಹಿಡಿಯುವಾಗ ಅವು ಅಗಲವಾಗುತ್ತವೆ, ಕೆಲಸವಿಲ್ಲದಾಗ ಮುಚ್ಚಿಕೊಳ್ಳುತ್ತವೆ. ನಿಮಗೆ ಬೇಕಾದ ಚಿತ್ರ ಅದು. ಕೊಂಬಿಗಿಂತ, ಉಂಡೆಗಿಂತ, ಬಿಚ್ಚಿದ ಮೀಸೆ ಇದ್ದರೆ ಹುಳ ಜೀವಂತ ಅನ್ನಿಸುತ್ತದೆ. ಆ ಕ್ಷಣ ಸಿಗುವುದು ಕೆಲವೇ ಸೆಕೆಂಡು. ಮತ್ತೆ ತಲೆಯನ್ನು ಸಲಿಕೆಯಂತೆ ಒಡ್ಡಿ ಸೆಗಣಿಯೊಳಗೆ ಮುಳುಗಿದರೆ ಮುಗಿಯಿತು.

ಅದೇ ಹುಳದ ಚಿತ್ರವನ್ನು ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಕಾಲಿನ ಬುಡದಲ್ಲಿ ಕೆಂಗಂದು ಚುಕ್ಕೆಗಳು ಕಂಡವು. ಕೊಳೆಯಲ್ಲ, ನುಸಿಗಳು. ರೆಕ್ಕೆಯಿಲ್ಲದ ಈ ನುಸಿಗಳು ಸಿಟಿ ಬಸ್ಸಿನ ಫುಟ್‌ಬೋರ್ಡ್ ಪ್ರಯಾಣಿಕರಂತೆ ಹುಳಕ್ಕೆ ನೇತುಬಿದ್ದು ಹೊಸ ತೊಪ್ಪೆಗೆ ಬಂದಿಳಿಯುತ್ತವೆ, ಅಲ್ಲಿ ನೊಣದ ಮೊಟ್ಟೆ ತಿನ್ನುತ್ತವೆ. ದಯವಿಟ್ಟು ಬ್ರಶ್ ಹಿಡಿದು ಅವನ್ನು ಉಜ್ಜಿ ತೆಗೆಯಬೇಡಿ. ಆಮೇಲೆ ಫೋಟೊಶಾಪ್‌ನಲ್ಲೂ ಬೇಡ.

ಕ್ಯಾಮೆರಾದ ಪ್ರಶ್ನೆಗೆ ಬರುತ್ತೇನೆ. ಮ್ಯಾಕ್ರೊ ಲೆನ್ಸ್ ಕೊಳ್ಳುವ ಅಗತ್ಯ ಈಗ ಇಲ್ಲ. ನಿಮ್ಮ 55–250 ಲೆನ್ಸಿನ ಮುಂದೆ ಕ್ಲಿಪ್ ಮಾಡುವ ರೇನಾಕ್ಸ್ ಡಿಸಿಆರ್-150 ಸಾಕು. ಅದು 4.8 ಡಯಾಪ್ಟರಿನ ಕ್ಲೋಸ್-ಅಪ್ ಗಾಜು, ಡಯಾಪ್ಟರ್ ಎಂದರೆ ಗಾಜಿನ ಶಕ್ತಿಯ ಅಳತೆ. ಲೆಕ್ಕ ಸರಳ: ಲೆನ್ಸನ್ನು 250ಕ್ಕೆ ಜೂಮ್ ಮಾಡಿ ಫೋಕಸನ್ನು ಅನಂತ ದೂರಕ್ಕೆ ಇಟ್ಟರೆ 250ನ್ನು 4.8ರಿಂದ ಗುಣಿಸಿ 1000ದಿಂದ ಭಾಗಿಸಿ, 1.2 ಪಟ್ಟು ಹಿಗ್ಗುವಿಕೆ ಬರುತ್ತದೆ. ಅಂದರೆ ಚೌಕಟ್ಟಿನ ಅಗಲದಲ್ಲಿ ಸುಮಾರು 19 ಮಿಲಿಮೀಟರ್ ಜಾಗ ಹಿಡಿಸುತ್ತದೆ, 8 ಮಿಲಿಮೀಟರಿನ ಹುಳಕ್ಕೆ ಅಳತೆ ತೆಗೆದು ಹೊಲಿಸಿದಂತೆ. ಗಾಜಿಗೂ ಹುಳಕ್ಕೂ ನಡುವೆ 20 ಸೆಂಟಿಮೀಟರಿನಷ್ಟು ಅಂತರ ಉಳಿಯುವುದು ದೊಡ್ಡ ಲಾಭ, ಹುಳ ಬೆದರುವುದಿಲ್ಲ, ನಿಮ್ಮ ಮೂಗೂ ಸೆಗಣಿಯಿಂದ ದೂರ. ಇದರ ಅಣ್ಣ ಡಿಸಿಆರ್-250 ಇದೇ ಲೆನ್ಸಿನಲ್ಲಿ 2 ಪಟ್ಟು ಕೊಡುತ್ತದೆ, ಅಂತರ 12 ಸೆಂಟಿಮೀಟರಿಗೆ ಇಳಿಯುತ್ತದೆ. ಕೈ ಪಳಗುವವರೆಗೆ ಅದು ಬೇಡ. 18–55ಕ್ಕೆ ಎಕ್ಸ್‌ಟೆನ್ಷನ್ ಟ್ಯೂಬ್, ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ ಹಾಕಬಹುದು, ಆದರೆ ಲೆನ್ಸ್ ಹುಳಕ್ಕೆ ಮುತ್ತು ಕೊಡುವಷ್ಟು ಹತ್ತಿರ ಹೋಗಬೇಕಾಗುತ್ತದೆ.

ಇಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಇನ್ನೂ ಕಿರಿದಾದ ಎಫ್/22ಕ್ಕೆ ಹೋಗಬೇಡಿ, ಇಡೀ ಚಿತ್ರ ಮಂಕಾಗುತ್ತದೆ. ಆಟೊಫೋಕಸ್ ಬಂದ್ ಮಾಡಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ ಕಣ್ಣು ಸ್ಪಷ್ಟವಾದಾಗ ಒತ್ತಿ. ಟ್ರೈಪಾಡ್ ಈ ಕೆಲಸಕ್ಕೆ ಎತ್ತರದ ಆಸಾಮಿ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಹುರುಳಿ ತುಂಬಿ ಹೊಲಿದ ಚೀಲವೊಂದು ನೆಲದ ಮೇಲಿದ್ದರೆ ಸಾಕು. ಮೇಲೆ ನಿಂತು ತೆಗೆದ ಸೆಗಣಿ ಹುಳ ಅಂಗಿಯ ಗುಂಡಿಯಂತೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಬುಲ್ಡೋಜರ್.

ನಿಮ್ಮ ಕಪ್ಪು ಮುದ್ದೆ, ಬಿಳಿ ಚುಕ್ಕೆಯ ಕಾಯಿಲೆ ಲೆನ್ಸಿನದ್ದಲ್ಲ, ಬೆಳಕಿನದ್ದು. ಈ ಹುಳದ ಬೆನ್ನನ್ನು ಘಾಟಿ ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಉಬ್ಬುಗನ್ನಡಿ ಎಂದು ಭಾವಿಸಿ. ಅದು ಸುತ್ತಲಿನದ್ದನ್ನೆಲ್ಲ ತನ್ನೊಳಗೆ ತೋರಿಸುತ್ತದೆ. ಕ್ಯಾಮೆರಾದ ಪುಟ್ಟ ಫ್ಲಾಶ್ ಒಂದು ಬಿಂದು, ಆದ್ದರಿಂದ ಬೆನ್ನಿನಲ್ಲೂ ಒಂದು ಬಿಂದು, ಉಳಿದದ್ದೆಲ್ಲ ಕತ್ತಲೆ. ಆ ಬಿಂದುವನ್ನು ಆಕಾಶದಷ್ಟು ಅಗಲ ಮಾಡಬೇಕು. ಬಿಳಿ ಪ್ಲಾಸ್ಟಿಕ್ ಐಸ್‌ಕ್ರೀಂ ಡಬ್ಬಿಗೆ ಮಂಗಳೂರು ಉಡುಪಿಯಲ್ಲಿ ಬರವೇ? ಅದರ ತಳದಲ್ಲಿ ಲೆನ್ಸಿನ ಮೂತಿ ಹಿಡಿಸುವಷ್ಟು ತೂತು ಕೊರೆದು, ಬಾಯಿ ಹುಳದ ಕಡೆಗೆ ಬರುವಂತೆ ಲೆನ್ಸಿಗೆ ಸಿಕ್ಕಿಸಿ. ಕ್ಯಾಮೆರಾದ ಫ್ಲಾಶ್ ಡಬ್ಬಿಯ ಹೊರಗಿನಿಂದ ಹೊಡೆದಾಗ ಇಡೀ ಡಬ್ಬಿ ಬೆಳಗುತ್ತದೆ. ಈಗ ಬೆನ್ನಿನ ಮೇಲೆ ಚುಕ್ಕೆಯ ಬದಲು ಮೃದುವಾದ ಅಗಲ ಹೊಳಪು, ಅದರಡಿಯಲ್ಲಿ ರೆಕ್ಕೆಯ ಗೆರೆಗಳು, ಗೆರೆಗಳ ನಡುವಿನ ಕುಳಿಗಳು, ಕಪ್ಪೆಂದುಕೊಂಡ ಮೈಯಲ್ಲಿ ತಾಮ್ರದ ಬಣ್ಣವೂ ಕಾಣಬಹುದು. ಶಟರ್ 1/200, ಐಎಸ್‌ಒ 200ರಿಂದ 400, ಎಫ್/11ರಿಂದ ಆರಂಭಿಸಿ. ಫ್ಲಾಶ್ ಇಲ್ಲದೆ ತೆಗೆಯುವುದಾದರೆ ಮಳೆಗಾಲದ ಬಿಳಿ ಮೋಡದ ಹೊತ್ತು ಆರಿಸಿ, ಆದರೆ ಕಪ್ಪು ಹುಳ ಚೌಕಟ್ಟು ತುಂಬಿದಾಗ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಎಕ್ಸ್‌ಪೋಶರನ್ನು ಮೈನಸ್ ಮೂರನೇ ಎರಡಕ್ಕೆ ಇಳಿಸಿ.

ಹುಳವನ್ನು ಮುಟ್ಟಿದ ಕೂಡಲೇ ಕಾಲು ಮಡಚಿ ಸತ್ತಂತೆ ಬಿದ್ದುಕೊಂಡರೆ ಗಾಬರಿ ಬೇಡ. ನಾಟಕ. ಎರಡು ನಿಮಿಷ ಉಸಿರು ಹಿಡಿದು ಕಾಯಿರಿ, ಮೊದಲು ಹೊರಬರುವುದು ಮೀಸೆಯೇ. ಫ್ರಿಜ್‌ನಲ್ಲಿಟ್ಟು ಮಂಪರು ಬರಿಸಿ ಫೋಟೊ ತೆಗೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿತ್ರದಲ್ಲೂ ಆ ಜಡತನ ಕಾಣುತ್ತದೆ, ಕಾಲುಗಳು ಹೆಣದ ಕಾಲಿನಂತೆ ಮಡಚಿರುತ್ತವೆ. ಹಾಗೆಂದು ನನ್ನ ಕೈ ಶುದ್ಧವಲ್ಲ. ಹಲವು ವರ್ಷದ ಹಿಂದೆ ಮನೆಗೆ ತಂದು ನಿಧಾನ ತೆಗೆಯೋಣವೆಂದು ಏಳು ಹುಳಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕಾರಿನಲ್ಲಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಮೋಡ ಸರಿದು ಬಿಸಿಲು ಬಿದ್ದಿತ್ತು. ಏಳೂ ಸತ್ತಿದ್ದವು, ಈ ಸಲ ನಾಟಕವಾಗಿರಲಿಲ್ಲ.

ನಿಮಗೆ ಉಂಡೆಯೇ ಬೇಕು ಎಂದಿದ್ದೀರಲ್ಲ, ಅದಕ್ಕೆ ತೋಟವಲ್ಲ, ಬಯಲು ಪಾದೆ ನೋಡಿ. ಮುಳಿಹುಲ್ಲು ಬೆಳೆದ, ಆಡು ಮೇಯುವ ಮುರಕಲ್ಲಿನ ನೆತ್ತಿಯಲ್ಲಿ ಮಳೆ ಬಿಟ್ಟು ಬಿಸಿಲು ಬಂದ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಅಲ್ಲಿ ಸಿಸಿಫಸ್ ಸಿಗಬಹುದು. ಜೇಡನಂತೆ ಉದ್ದ ಹಿಂಗಾಲಿನ ಪುಟಾಣಿ, ಆಡಿನ ಹಿಕ್ಕೆ ಸಿಕ್ಕರೆ ಉಂಡೆ ಕಟ್ಟುವ ಶ್ರಮವೂ ಇಲ್ಲದೆ ಅದನ್ನೇ ಉರುಳಿಸಿಕೊಂಡು ಹೋಗುತ್ತದೆ. ಜೋಡಿಯಾಗಿದ್ದರೆ ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಸ್ವಲ್ಪ ದೊಡ್ಡದು ಜಿಮ್ನೊಪ್ಲೂರಸ್. ಅದರ ಗಟ್ಟಿ ರೆಕ್ಕೆಯ ಬದಿಯಲ್ಲಿ ಕಚ್ಚಿ ತೆಗೆದಂತೆ ಒಂದು ಕೊರೆತವಿದೆ. ಆ ಸಂದಿಯಿಂದ ಒಳರೆಕ್ಕೆ ಹೊರಚಾಚಿ, ಮೇಲಿನ ಮುಚ್ಚಳ ತೆರೆಯದೆಯೇ ಹಾರಿಬಿಡುತ್ತದೆ.

ಉರುಳಿಸುವ ಹುಳ ತಲೆಕೆಳಗಾಗಿ ಹಿಮ್ಮುಖವಾಗಿ ಓಡುತ್ತದೆ, ಅದೂ ಗೆರೆ ಎಳೆದಂತೆ ನೇರ. ಹಿಂದೆ ಬಿದ್ದು ಓಡಬೇಡಿ. ಎರಡು ಕ್ಷಣ ದಾರಿ ನೋಡಿ, ಒಂದು ಗಜ ಮುಂದೆ ಹೋಗಿ ದಾರಿಯ ಬದಿಗೆ ಮಲಗಿ ಕಾಯಿರಿ, ತಾನೇ ಚೌಕಟ್ಟಿಗೆ ಬರುತ್ತದೆ. ಒಂದು ಎಚ್ಚರ: ಅದು ದಿಕ್ಕು ಹಿಡಿಯುವುದು ಸೂರ್ಯನಿಂದ. ನಿಮ್ಮ ನೆರಳು ಬಿದ್ದರೆ ನಿಲ್ಲುತ್ತದೆ, ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗಿ ದಿಕ್ಕು ನೋಡಿ ಮತ್ತೆ ಇಳಿಯುತ್ತದೆ. ಆ ಸುತ್ತಾಟ ಬಹಳ ಚಂದದ ಚಿತ್ರ, ಆದರೆ ಬೇಕೆಂದೇ ಸತಾಯಿಸಬೇಡಿ. ಸೂರ್ಯನನ್ನು ಮರೆಮಾಡಿ ಎದುರು ಬದಿಯಿಂದ ಕನ್ನಡಿಯಲ್ಲಿ ಬಿಸಿಲು ತೋರಿಸಿದರೆ ಹುಳ ತಿರುಗಿ ವಿರುದ್ಧ ದಿಕ್ಕಿಗೆ ಹೋಗುವುದನ್ನು ವಿಜ್ಞಾನಿಗಳು ಮಾಡಿ ನೋಡಿದ್ದಾರೆ, ಹಾಗಾಗಿ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಇಲ್ಲಿ ಬೇಡ. ದಕ್ಷಿಣ ಆಫ್ರಿಕದ ರಾತ್ರಿಯ ಹುಳವೊಂದಂತೂ ಆಕಾಶಗಂಗೆಯ ಬೆಳಕಿನ ಪಟ್ಟಿಯನ್ನೇ ನೋಡಿ ದಾರಿ ಹಿಡಿಯುತ್ತದೆ ಎಂದು 2013ರಲ್ಲಿ ಮರೀ ಡಾಕೆ ಮತ್ತು ಜೊತೆಗಾರರು ತೋರಿಸಿದರು. ಹುಳಗಳ ತಲೆಗೆ ರಟ್ಟಿನ ಟೊಪ್ಪಿ ಇಟ್ಟು ಆಕಾಶ ಮರೆಮಾಡಿದಾಗ ಅವು ದಾರಿ ತಪ್ಪಿ ಸುತ್ತಿದವು.

ಸುರಂಗದೊಳಗಿನ ಚಿತ್ರ ಬೇಕೆಂದರೆ ಮನೆಯಲ್ಲೇ ಒಂದು ಗಾಜಿನ ಗೂಡು ಮಾಡಿ. ಹಳೆಯ ಫೋಟೊ ಫ್ರೇಮಿನ ಎರಡು ಗಾಜುಗಳ ನಡುವೆ ಎರಡು ಸೆಂಟಿಮೀಟರ್ ದಪ್ಪದ ರೀಪು ಇಟ್ಟು ಮೂರು ಬದಿ ಬಿಗಿದು, ಜರಡಿ ಹಿಡಿದ ತೇವದ ಮಣ್ಣನ್ನು ಒತ್ತಿ ತುಂಬಿಸಿ, ಮೇಲೆ ಒಂದು ಮುಷ್ಟಿ ತಾಜಾ ಸೆಗಣಿ ಇಟ್ಟು ಒಂದು ಜೋಡಿ ಒಂಥೊಫೇಗಸ್ ಬಿಡಿ. ಮೇಲೆ ಸೊಳ್ಳೆಪರದೆಯ ತುಂಡು, ಗಾಜಿಗೆ ಕಪ್ಪು ಬಟ್ಟೆ. ಹೆಣ್ಣು ಗಾಜಿಗೆ ತಾಗಿಯೇ ತೋಡಿದರೆ ನಿಮ್ಮ ಅದೃಷ್ಟ. ಬಟ್ಟೆ ಸರಿಸಿದಾಗ ಸುರಂಗದ ತುದಿಯಲ್ಲಿ ಸಣ್ಣ ಸಾಸೇಜಿನಂತೆ ಒತ್ತಿಟ್ಟ ಸೆಗಣಿ, ಅದರ ಒಂದು ತುದಿಯಲ್ಲಿ ಪುಟ್ಟ ಕೋಣೆ, ಕೋಣೆಯಲ್ಲಿ ನೆಟ್ಟಗೆ ನಿಂತ ಒಂದೇ ಒಂದು ಬಿಳಿ ಮೊಟ್ಟೆ. ಸುರಂಗದ ಬಾಯಿಯಲ್ಲಿ ಕೊಂಬಿನ ಗಂಡು ಕಾವಲಿರುತ್ತದೆ, ಬೇರೆ ಗಂಡು ಬಂದರೆ ಕೊಂಬು ಕೊಟ್ಟು ತಳ್ಳುತ್ತದೆ. ಈ ತಳ್ಳಾಟದ ಬಲ ಸುಮ್ಮನೆ ಅಲ್ಲ. ಒಂಥೊಫೇಗಸ್ ಟಾರಸ್ ಎಂಬ ಹೊರನಾಡಿನ ಬಳಗದ ಹುಳ ತನ್ನ ತೂಕದ 1,141 ಪಟ್ಟು ಭಾರ ಎಳೆದದ್ದು 2010ರಲ್ಲಿ ದಾಖಲಾಗಿದೆ. ನಮ್ಮದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಬೆರಳಿನ ಸಂದಿಯನ್ನು ಅದು ಬಿಡಿಸುವ ಪರಿಗೆ ನಗು ಬರುತ್ತದೆ. ಕೊಂಬು ಮೊಳೆಯದ ಸಣ್ಣ ಗಂಡುಗಳೂ ಇರುತ್ತವೆ, ಅವು ಕಾದಾಡದೆ ಪಕ್ಕದಿಂದ ಬೇರೆ ಸುರಂಗ ಕೊರೆದು ಕಳ್ಳದಾರಿಯಲ್ಲಿ ಹೆಣ್ಣನ್ನು ಸೇರುತ್ತವೆ. ಎಲ್ಲ ಊರಿನ ಕಥೆ. ಮೊಟ್ಟೆ ಹುಳವಾಗಿ ಹೊರಬರಲು ತಿಂಗಳ ಆಸುಪಾಸು ಬೇಕು. ಅಷ್ಟು ದಿನ ಮಣ್ಣು ಒಣಗದಂತೆ ನೋಡಿಕೊಂಡು, ಕೊನೆಗೆ ತಂದ ಜಾಗಕ್ಕೇ ಬಿಟ್ಟುಬನ್ನಿ.

ಮನೆಯಿಂದ ಹೊರಗೆ ಹೋಗಲೂ ಸೋಮಾರಿತನವಾದರೆ ಜೂನ್ ರಾತ್ರಿ ಜಗಲಿಯ ದೀಪ ಹಾಕಿಡಿ. ಕಾಪ್ರಿಸ್, ಒನಿಟಿಸ್ ಎಂಬ ಇನ್ನೊಂದು ತೋಡುವ ಹುಳ ತಾವೇ ಬಂದು ಗೋಡೆಗೆ ಬಡಿದು ಬೀಳುತ್ತವೆ. ಒನಿಟಿಸ್ ಸಿಕ್ಕರೆ ಮುಂಗಾಲಿನ ತುದಿ ನೋಡಿ, ಪಾದವೇ ಇಲ್ಲ, ತೋಡುವ ಹಲ್ಲುಗಳಷ್ಟೇ. ಹರಿದುಹೋದದ್ದಲ್ಲ, ಹುಟ್ಟೇ ಹಾಗೆ. ಮೀನು ತಿನ್ನುವ ಮನೆಯಾದರೆ ಹಳಸಿದ ಬೂತಾಯಿ ತಲೆಗಳನ್ನು ಒಂದು ಗೆರಟೆಯಲ್ಲಿಟ್ಟು ಅಂಚು ನೆಲಮಟ್ಟಕ್ಕೆ ಬರುವಂತೆ ಹೂತಿಡಿ, ಕೆಲವು ಒಂಥೊಫೇಗಸ್‌ಗಳು ಸೆಗಣಿ ಬಿಟ್ಟು ಅದಕ್ಕೂ ಬರುತ್ತವೆ. ಬೆಕ್ಕು ಕೂಡ ಬರುತ್ತದೆ.

ಎಲ್ಲ ಸರಿಯಿದ್ದೂ ಒಂದು ಮನೆಯ ಸುತ್ತ ಮಾತ್ರ ತೊಪ್ಪೆಗಳು ವಾರಗಟ್ಟಲೆ ಹಪ್ಪಳದಂತೆ ಒಣಗಿ ಬಿದ್ದಿದ್ದರೆ, ದನಗಳಿಗೆ ಇತ್ತೀಚೆಗೆ ಐವರ್ಮೆಕ್ಟಿನ್ ಕೊಟ್ಟಿದ್ದಾರೆಯೇ ಎಂದು ಕೇಳಿ. ಹೊಟ್ಟೆಹುಳ, ಉಣುಗಿಗೆ ಕೊಡುವ ಆ ಮದ್ದು ಸೆಗಣಿಯಲ್ಲಿ ಹೊರಬಂದು ಸೆಗಣಿ ಹುಳದ ಮರಿಗಳನ್ನು ಕೊಲ್ಲುತ್ತದೆ. ಹುಳವಿಲ್ಲದ ಸೆಗಣಿ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯದವರು ಅನುಭವಿಸಿದ್ದಾರೆ. ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದ ಅಲ್ಲಿನ ಹುಳಗಳಿಗೆ ದನದ ಸೆಗಣಿ ರುಚಿಸಲಿಲ್ಲ, ಹುಲ್ಲುಗಾವಲು ಮುಚ್ಚಿಹೋಯಿತು, ನೊಣ ತುಂಬಿತು. 1960ರ ದಶಕದಿಂದ ಸಿಎಸ್‌ಐಆರ್‌ಒ ಎಂಬ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಜಾರ್ಜ್ ಬೋರ್ನೆಮಿಸ್ಸಾ ಹೊರದೇಶಗಳಿಂದ ಹುಳ ತರಿಸಿ ಬಿಡಬೇಕಾಯಿತು. ನಮ್ಮ ಗುಡ್ಡೆಯಲ್ಲಿ ಅವು ಸಂಬಳವಿಲ್ಲದೆ ಇವೆ.

ಮೈ ಬಗ್ಗೆಯೂ ಎರಡು ಮಾತು. ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರ ಇದೆ, ಕೈಕಾಲಿನಲ್ಲಿ ಗಾಯವಿದ್ದರೆ ಕೈಗವಸು, ಗಂಬೂಟು ಇಲ್ಲದೆ ಹಟ್ಟಿಯ ನೀರಿಗೆ ಇಳಿಯಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಿ. ಹೆಬ್ರಿ, ಸೋಮೇಶ್ವರ ಕಡೆ ಕಾಡುಕೋಣದ ಸೆಗಣಿಯ ಆಸೆಗೆ ಹೋಗುವುದಿದ್ದರೆ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಂಗನ ಕಾಯಿಲೆಯ ಉಣುಗುಗಳು ಬೇಸಗೆಯಲ್ಲಿ ಹೆಚ್ಚು, ಆಗ ಕಾಡಿನ ನೆಲದಲ್ಲಿ ಮಲಗುವ ಹುಚ್ಚು ಬೇಡವೇ ಬೇಡ. ಕ್ಯಾಮೆರಾಕ್ಕೆ ಬರುವ ಬೂಷ್ಟು ಬೇರೆಯೇ ರೋಗ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಲೆನ್ಸ್ ಇಡಿ.

ಮುಂದಿನ ಸಲ ಹೆಸರು ಕೇಳಿ ಚಿತ್ರ ಕಳಿಸುವಾಗ ಮೇಲಿನಿಂದ ಒಂದು, ಬದಿಯಿಂದ ಒಂದು, ತಲೆಯದ್ದು ಒಂದು, ಆಗುವುದಾದರೆ ಹೊಟ್ಟೆಯ ಕಡೆಯದ್ದೂ ಒಂದು ಇರಲಿ. ಪಕ್ಕದಲ್ಲಿ ಅಳತೆಗೆ ಸ್ಕೇಲ್ ಇಡಿ. ಯಾವ ಪ್ರಾಣಿಯ ಸೆಗಣಿ, ಬಿದ್ದು ಎಷ್ಟು ಹೊತ್ತಾಗಿತ್ತು, ಹಗಲೋ ರಾತ್ರಿಯೋ ಎಂದು ಬರೆಯಿರಿ. ತ್ರಿಕೋನ ಕಾಣುತ್ತದೆಯೇ ಎಂದು ಮೊದಲು ನೀವೇ ನೋಡಿಕೊಳ್ಳಿ.